2 ವರ್ಷದ ಅಳತೆ ಅಂತ ಹೆಣೆದ ಸ್ವೆಟರ್ ಮಗುವಿನ ಕಿವಿ ದಾಟಲಿಲ್ಲ. ಎಲ್ಲಿ ತಪ್ಪಿದೆ?

ಅರ್ಧಸ್ವೆಟರ್

ಎಲ್ಲರಿಗೂ ನಮಸ್ಕಾರ. ಅಣ್ಣನ ಮಗಳಿಗೆ ಈಗ 2 ವರ್ಷ 2 ತಿಂಗಳು. ಅವಳಿಗೆ ಅಂತ ಮೂರು ವಾರ ಕೂತು ಕ್ರೋಶಾದಲ್ಲಿ ಸ್ವೆಟರ್ ಹಾಕಿದೆ. ಕತ್ತಿನಿಂದ ಶುರುವಾಗಿ, ಮೈ ತೋಳು ಎರಡೂ ಒಟ್ಟಿಗೇ ಕಂಕುಳ ತನಕ ಸ್ಟಿಚ್ ಹೆಚ್ಚಿಸುತ್ತಾ ಕೆಳಗೆ ಇಳಿಯುವ ರ‍್ಯಾಗ್ಲಾನ್. ಮಾದರಿಯಲ್ಲಿ "2 ವರ್ಷ" ಅಂತಲೇ ಇತ್ತು. ಒಂದು ಸ್ಟಿಚ್ ಕೂಡ ತಪ್ಪಿಲ್ಲ, ಎಣಿಸಿ ಎಣಿಸಿ ಹಾಕಿದ್ದೇನೆ.

ನಿನ್ನೆ ತೊಡಿಸಲು ಹೋದರೆ ಕಿವಿ ಹತ್ತಿರ ಬಂದು ನಿಂತುಬಿಟ್ಟಿತು. ಕೆಳಗೂ ಇಳಿಯಲ್ಲ, ಮೇಲೂ ಬರಲ್ಲ. ಒಳಗಿಂದ ಮಗು ಕಿರುಚಾಟ. ಹೇಗೋ ಬಿಡಿಸಿದೆವು. ಈಗ ಆ ನೀಲಿ ಉಲ್ಲನ್ ಕಂಡರೆ ಸಾಕು, ಎರಡೂ ಕೈಯಲ್ಲಿ ತಲೆ ಹಿಡ್ಕೊಂಡು ಓಡುತ್ತಾಳೆ.

ಕತ್ತು ಒಂದೇ ಅಲ್ಲ. ಎದೆಗೆ ಹಿಡಿದು ನೋಡಿದರೆ ಅಲ್ಲೂ ಸಾಲದು ಅನ್ನಿಸಿತು. ಉದ್ದ ಮಾತ್ರ ಸರಿಯಾಗಿದೆ. ಮಗು ದಪ್ಪ ಏನಿಲ್ಲ. ಮಾದರಿ ತಪ್ಪಾ, ನಾನು ತಪ್ಪಾ?

ಉಲ್ಲನ್‌ಉಂಡೆ

ಅಯ್ಯೋ ಪಾಪ, ಮಗುವೂ ಪಾಪ, ನೀವೂ ಪಾಪ. ಮೊದಲು ಇಷ್ಟು ಹೇಳಿ. ಮಾದರಿಯಲ್ಲಿ 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಅಂತ ಬರೆದಿದೆ? ನಿಮ್ಮ ಸ್ವೆಟರ್ ಮೇಲೆ ಟೇಪ್ ಇಟ್ಟರೆ ಎಷ್ಟು ಬರುತ್ತೆ? ಕಡ್ಡಿ ಎಷ್ಟು ಮಿ.ಮೀ.? ಮಗುವಿನ ಎದೆ ಸುತ್ತಳತೆ, ತಲೆ ಸುತ್ತಳತೆ ಎಷ್ಟು? "2 ವರ್ಷ" ಅನ್ನೋದು ವಯಸ್ಸು ಕಣ್ರೀ, ಅಳತೆ ಅಲ್ಲ.

ಎಳೆಎಳೆ

ಮಾದರಿ ಅಮೆರಿಕದ್ದೋ ಬ್ರಿಟನ್ನಿನದೋ ಅದನ್ನೂ ನೋಡಿ. ಒಂದೇ ಗಿಡ್ಡ ಸ್ಟಿಚ್ಚಿಗೆ ಅಮೆರಿಕದವರು ಸಿಂಗಲ್ ಕ್ರೋಶಾ ಅಂತಾರೆ, ಬ್ರಿಟನ್ನಿನವರು ಡಬಲ್ ಅಂತಾರೆ. ಅದಕ್ಕಿಂತ ಉದ್ದದ ಸ್ಟಿಚ್ ಅಮೆರಿಕದವರಿಗೆ ಡಬಲ್, ಬ್ರಿಟನ್ನಿನವರಿಗೆ ಟ್ರೆಬಲ್. "ಸಿಂಗಲ್ ಕ್ರೋಶಾ" ಅನ್ನೋ ಮಾತು ಎಲ್ಲಾದರೂ ಕಂಡರೆ ಅದು ಅಮೆರಿಕದ್ದು. ನಾನು ಇದು ಗೊತ್ತಿಲ್ಲದೆ 6 ತಿಂಗಳ ಕೂಸಿನ ಅಂಗಿಗೆ ಗಿಡ್ಡ ಸ್ಟಿಚ್ ಹಾಕಬೇಕಾದ ಕಡೆಯೆಲ್ಲ ಉದ್ದ ಸ್ಟಿಚ್ ಹಾಕಿದೆ. ಅಂಗಿ ಹೋಗಿ ನಿಲುವಂಗಿ ಆಯ್ತು.

ಅರ್ಧಸ್ವೆಟರ್

ಮಾದರಿ ಅಮೆರಿಕದ್ದೇ, ಸಿಂಗಲ್ ಅಂತಲೇ ಇದೆ. 10 ಸೆಂ.ಮೀ.ಗೆ 16 ಸ್ಟಿಚ್ ಅಂತ ಬರೆದಿದ್ದಾರೆ. ನನ್ನದರಲ್ಲಿ ಈಗ ಎಣಿಸಿದೆ, 19 ಬಂತು. ಕಡ್ಡಿ 5 ಮಿ.ಮೀ. ಹೇಳಿದ್ದರು, ನನ್ನ ಹತ್ತಿರ 4 ಇತ್ತು, ಅದರಲ್ಲೇ ಹಾಕಿದೆ. ಒಂದು ಮಿ.ಮೀ. ತಾನೇ ಅಂತ. ಮಗು ನಿದ್ದೆ ಮಾಡ್ತಿದ್ದಾಗ ಅಳೆದೆ, ಎದೆ 52, ತಲೆ 48. ತೋಳು ಬಿಟ್ಟು ಮೈಗೆ ಬಂದಾಗ ಒಟ್ಟು 92 ಸ್ಟಿಚ್. ಮಾದರಿಯಲ್ಲೂ 92 ಇದೆ!

ಉಲ್ಲನ್‌ಉಂಡೆ

ಸಿಕ್ಕಿತು ನೋಡಿ. ನಿಮ್ಮ ಎಣಿಕೆ ಸರಿ, ಮಾದರಿಯೂ ಸರಿ. 10 ಸೆಂ.ಮೀ.ಗೆ 16 ಅಂದರೆ 92 ಸ್ಟಿಚ್ಚಿಗೆ 57.5 ಸೆಂ.ಮೀ. ಆಗುತ್ತೆ. ಎದೆ 52, ಮೇಲೆ ಐದೂವರೆ ಸೆಂ.ಮೀ. ಸಡಿಲ. ಚೆನ್ನಾಗಿ ಕೂರುತ್ತೆ. ನಿಮ್ಮ 19ರ ಲೆಕ್ಕದಲ್ಲಿ ಅದೇ 92 ಸ್ಟಿಚ್ಚಿಗೆ 48.4 ಸೆಂ.ಮೀ. ಅಂದರೆ ಸ್ವೆಟರ್ ಸುತ್ತಳತೆ ಮಗುವಿನ ಬರೀ ಮೈಗಿಂತಲೂ ಕಮ್ಮಿ. ಒಂದು ಸ್ಟಿಚ್ಚಿನಲ್ಲಿ ಒಂದು ಮಿ.ಮೀ. ಕಳೆದರೆ 92ರಲ್ಲಿ ಒಂಬತ್ತು ಸೆಂ.ಮೀ. ಹೋಗುತ್ತೆ. ಹನಿ ಹನಿ ಗೂಡಿದರೆ ಹಳ್ಳ ಅನ್ನೋದು ಇಲ್ಲೂ ನಿಜ, ಉಲ್ಟಾ ಕಡೆಗೆ.

ಉದ್ದ ಯಾಕೆ ಸರಿಯಾಯ್ತು ಗೊತ್ತಾ? "ಕಂಕುಳಿಂದ ಇಷ್ಟು ಸೆಂ.ಮೀ. ಆಗುವ ತನಕ ಹಾಕಿ" ಅಂತ ಬರೆದಿರಬೇಕು. ಅಲ್ಲಿ ನೀವು ಟೇಪ್ ಹಿಡಿದಿದ್ದೀರಿ.

ಅರ್ಧಸ್ವೆಟರ್

ಹೌದು, 18 ಸೆಂ.ಮೀ. ಅಂತಲೇ ಇತ್ತು! ತಲೆ ತಿರುಗುತ್ತಿದೆ. ಸರಿ, ಎದೆ ಲೆಕ್ಕ ಅರ್ಥ ಆಯ್ತು. ಆದರೆ ಕತ್ತು ಅಷ್ಟೊಂದು ಬಿಗಿ ಯಾಕೆ?

ಕೊಕ್ಕೆಕಡ್ಡಿ

ಕತ್ತಿಗೆ ಶುರುವಿನಲ್ಲಿ ಎಷ್ಟು ಚೈನ್, ಅಂದರೆ ಸರಪಳಿ ಕುಣಿಕೆ, ಹಾಕಿದ್ರಿ? ಬೆನ್ನಲ್ಲಿ ಸೀಳು ಇದೆಯಾ?

ಅರ್ಧಸ್ವೆಟರ್

60 ಚೈನ್. ಮತ್ತೆ... ಹೇಳಲು ನಾಚಿಕೆ. ಬೆನ್ನಲ್ಲಿ ಸೀಳು ಬಿಟ್ಟು ಎರಡು ಗುಂಡಿ ಹಾಕಬೇಕಿತ್ತು. ಗುಂಡಿ ಹೊಲಿಯೋದು ಬೇಜಾರು ಅಂತ ಮೊದಲ ಸಾಲಲ್ಲೇ ಸೇರಿಸಿ ಸುತ್ತು ಮಾಡಿಬಿಟ್ಟೆ.

ಕೊಕ್ಕೆಕಡ್ಡಿ

ಹಹ್ಹ! ಮೂರನೇ ದಿನಕ್ಕೆ ನಿಜ ಹೊರಗೆ ಬಂತು.

60 ಸ್ಟಿಚ್ ನಿಮ್ಮ 19ರ ಲೆಕ್ಕದಲ್ಲಿ ಮೂವತ್ತೊಂದೂವರೆ ಸೆಂ.ಮೀ. ಅದರಲ್ಲಿ 48 ಸೆಂ.ಮೀ. ತಲೆ ತೂರಬೇಕು. ಕ್ರೋಶಾ ಬಟ್ಟೆ ಎರಡು ಕಡ್ಡಿಯ ಹೆಣಿಗೆಯ ಹಾಗೆ ಹಿಗ್ಗಲ್ಲ. ಅದರಲ್ಲೂ ಶುರುವಿನ ಚೈನ್ ಒಂದಿಷ್ಟೂ ಹಿಗ್ಗಲ್ಲ, ಹಗ್ಗ ಇದ್ದ ಹಾಗೆ. ಮೇಲಿನ ಸಾಲು ಎಷ್ಟು ಮೆತ್ತಗಿದ್ದರೂ ಆ ಚೈನ್ ಹಿಡಿದುಕೊಂಡಿರುತ್ತೆ.

ಮಾದರಿಯವರ ಲೆಕ್ಕದಲ್ಲಿ ನೋಡಿ. 60 ಸ್ಟಿಚ್ ಅಂದರೆ 37.5 ಸೆಂ.ಮೀ. ಅದೂ 48ಕ್ಕೆ ಸಾಲಲ್ಲ. ಅದಕ್ಕೇ ಸೀಳು ಕೊಟ್ಟಿರೋದು. ಸೀಳಿಗೆ ಎರಡು ಅಂಚು ಇರುತ್ತೆ, ಹಾಗಾಗಿ 8 ಸೆಂ.ಮೀ. ಸೀಳು ಬಿಟ್ಟರೆ ಬಾಯಿ 16 ಸೆಂ.ಮೀ. ದೊಡ್ಡದಾಗುತ್ತೆ. 37.5ಕ್ಕೆ 16 ಸೇರಿಸಿ, 53.5. ತಲೆ ಆರಾಮಾಗಿ ಹೋಗುತ್ತೆ, ಗುಂಡಿ ಹಾಕಿದರೆ ಕತ್ತು ಮತ್ತೆ ಅಚ್ಚುಕಟ್ಟು. ಚಿಕ್ಕ ಮಕ್ಕಳ ಬಟ್ಟೆಯಲ್ಲಿ ಗುಂಡಿ ಸುಮ್ನೆ ಚೆಂದಕ್ಕೆ ಇರಲ್ಲ. ಅವರ ತಲೆ ದೊಡ್ಡದು, ಕತ್ತು ಸಣ್ಣದು.

ಇನ್ನೊಂದು. ಚೈನ್ ಮಾತ್ರ ಒಂದು ಸೈಜ್ ದೊಡ್ಡ ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿನಿಂದ ಮಾಮೂಲಿ ಕಡ್ಡಿಗೆ ಬನ್ನಿ. ಅಥವಾ ಚೈನ್ ಮತ್ತು ಮೊದಲ ಸಾಲು ಒಟ್ಟಿಗೇ ಹಾಕುವ ಫೌಂಡೇಶನ್ ಸ್ಟಿಚ್ ಕಲಿಯಿರಿ. ಮೊದಲ ನಾಲ್ಕು ಸಲ ಕೈಗೆ ಸಿಕ್ಕಲ್ಲ, ಐದನೇ ಸಲ ಬಂದುಬಿಡುತ್ತೆ.

ಬಿಚ್ಚೋಣಬಿಡಿ

ಒಂದು ಉಪಾಯ. ಕತ್ತಿನ ಸುತ್ತ ದಾರ ಪೋಣಿಸಿ, ಬೇಕಾದಷ್ಟು ಬಿಗಿ ಮಾಡಿ ಮುಂದೆ ಗಂಟು ಹಾಕುವ ಹಾಗೆ ಮಾಡಿದರೆ? ಅಗಲ ಬಾಯಿ ಬಿಡಬಹುದು, ಸೈಜಿನ ತಲೆನೋವೇ ಇರಲ್ಲ.

ಉಲ್ಲನ್‌ಉಂಡೆ

ಅದು ಬೇಡ. ಮಗು ಆಡುವಾಗ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತಿಗೆ ಬಿಗಿಯುತ್ತೆ. ಯುರೋಪಿನ ಇಎನ್ 14682 ಮಾನದಂಡದಲ್ಲಿ 7 ವರ್ಷದೊಳಗಿನ ಮಕ್ಕಳ ಬಟ್ಟೆಗೆ ಕತ್ತು ಮತ್ತು ಟೋಪಿಯ ಭಾಗದಲ್ಲಿ ಎಳೆದು ಕಟ್ಟುವ ದಾರ ಇಡುವ ಹಾಗೇ ಇಲ್ಲ. ಗುಂಡಿಯೇ ಸರಿ, ಅದನ್ನೂ ಗಟ್ಟಿಯಾಗಿ ಹೊಲಿಯಬೇಕು, ಕಿತ್ತು ಬಾಯಿಗೆ ಹಾಕ್ಕೊಳ್ಳೋ ವಯಸ್ಸು.

ಬಿಚ್ಚೋಣಬಿಡಿ

ಒಪ್ಪಿದೆ. ಇದನ್ನ ಯೋಚಿಸಿರಲಿಲ್ಲ. ನಾನು ಹೆಣೆದ ಒಂದರಲ್ಲಿ ದಾರ ಇದೆ, ಇವತ್ತೇ ತೆಗೀತೀನಿ.

ಅರ್ಧಸ್ವೆಟರ್

ಅಂದರೆ ಮೊದಲೇ ಸ್ಯಾಂಪಲ್ ತುಂಡು ಹೆಣೆದು ನೋಡಬೇಕಿತ್ತು, ಅಲ್ವಾ? ಮಗುವಿನ ಬಟ್ಟೆ ತಾನೇ, ಇಷ್ಟು ಚಿಕ್ಕದು, ಅದಕ್ಕೆ ಯಾಕೆ ಅಂದುಕೊಂಡೆ.

ನಾಲ್ಕುಸುತ್ತು

ನಾನು ಒಪ್ಪಲ್ಲ. ಹದಿನೈದು ವರ್ಷದಿಂದ ಹೆಣೆಯುತ್ತಿದ್ದೇನೆ, ಒಂದು ದಿನವೂ ಸ್ಯಾಂಪಲ್ ಹಾಕಿಲ್ಲ. ಅಷ್ಟು ಹೊತ್ತಿಗೆ ಅರ್ಧ ತೋಳು ಮುಗಿಯುತ್ತೆ. ತೋಳಿಂದಲೇ ಶುರುಮಾಡಿ. ಅದೇ ಸ್ಯಾಂಪಲ್. ಸರಿ ಬಂದರೆ ಮುಂದುವರಿಸಿ, ಇಲ್ಲಾಂದ್ರೆ ಬಿಚ್ಚಿ.

ಉಲ್ಲನ್‌ಉಂಡೆ

ಅಕ್ಕ, ನಿಮ್ಮ ಕೈ ಪಳಗಿದೆ, ನಡೆಯುತ್ತೆ. ಆದರೆ ತೋಳನ್ನು ಸುತ್ತು ಸುತ್ತಾಗಿ ಹಾಕ್ತೀವಿ, ಕಾರ್ಡಿಗನ್ ಮೈಯನ್ನು ತಿರುಗಿಸಿ ತಿರುಗಿಸಿ ಹಾಕ್ತೀವಿ. ನನ್ನ ಕೈಯಲ್ಲಂತೂ ಎರಡೂ ಒಂದೇ ಬರಲ್ಲ. ಸ್ವೆಟರ್ ಹೇಗೆ ಹಾಕ್ತೀರೋ ಹಾಗೇ ತುಂಡು ಹಾಕಬೇಕು.

10 ಸೆಂ.ಮೀ. ತುಂಡೂ ಸಾಲಲ್ಲ. ಅಂಚಿನ ಸ್ಟಿಚ್ಚು ಸೊಟ್ಟಗಿರುತ್ತೆ. 15 ಸೆಂ.ಮೀ. ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ. ಎಣಿಸಿ. ಟೇಪ್ ಒತ್ತಬೇಡಿ, ತುಂಡನ್ನ ಎಳೆಯಬೇಡಿ. ಬೇಕಾದ ಸಂಖ್ಯೆ ಬರುವ ತನಕ ಎಳೆದು ಎಣಿಸುವ ಚಾಳಿ ನನಗೂ ಇತ್ತು. ತುಂಡಿಗೆ ಮೋಸ ಮಾಡಬಹುದು, ಮಗುವಿನ ಎದೆಗೆ ಆಗಲ್ಲ.

ನಾಲ್ಕುಸುತ್ತು

ಸರಿ ಸರಿ. ಹೊಸಬರಿಗೆ ಸ್ಯಾಂಪಲ್ ಇರಲಿ. ನಾನು ಬದಲಾಗಲ್ಲ.

ಎರಡೆಳೆ

ಒಗೆದು ನೋಡಿ ಅನ್ನೋ ಮಾತಿಗೆ ನನ್ನದೊಂದು ಕಥೆ. 3 ವರ್ಷದ ಮಗಳಿಗೆ ಹತ್ತಿ ದಾರದಲ್ಲಿ ಫ್ರಾಕ್ ಹಾಕಿದೆ. ಹಾಕಿ ಮುಗಿಸಿದಾಗ ಸರಿಯಾಗಿ ಮಂಡಿಗೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಗೆದು ತಂತಿ ಮೇಲೆ ನೇತುಹಾಕಿದೆ. ನೀರು ಕುಡಿದ ಹತ್ತಿ, ಕಲ್ಲಿನಷ್ಟು ಭಾರ. ಸಂಜೆ ತೆಗೆದರೆ ಕಣಕಾಲು ಮುಟ್ಟುತ್ತಿದೆ! ಎದೆ ಮೇಲಿರಬೇಕಾದ ಯೋಕ್ ಹೊಟ್ಟೆ ಮೇಲೆ. ಮಗಳು ನೋಡಿ "ಇದು ಅಮ್ಮಂದು" ಅಂದಳು.

ಆವತ್ತಿಂದ ಹತ್ತಿಯ ಸ್ಯಾಂಪಲ್ ಒಗೆದ ಮೇಲೆ ಕೆಳ ಅಂಚಿಗೆ ಎರಡು ಬಟ್ಟೆ ಕ್ಲಿಪ್ಪು ಸಿಕ್ಕಿಸಿ ರಾತ್ರಿಯೆಲ್ಲ ನೇತುಹಾಕ್ತೀನಿ. ಬೆಳಗ್ಗೆ ಎಷ್ಟು ಇಳಿದಿದೆ ನೋಡ್ತೀನಿ. ಫ್ರಾಕನ್ನು ಯಾವತ್ತೂ ಚಾಪೆ ಮೇಲೆ ಹರಡಿಯೇ ಒಣಗಿಸೋದು.

ಎಳೆಎಳೆ

ನಿಜ. ಅಕ್ರಿಲಿಕ್ ಆದರೆ ಅಷ್ಟು ಇಳಿಯಲ್ಲ. ಆದರೆ ಅದಕ್ಕೆ ಇಸ್ತ್ರಿಪೆಟ್ಟಿಗೆ ಹತ್ತಿರ ತರಬೇಡಿ, ಬಿಸಿ ತಾಗಿದರೆ ಸತ್ತುಹೋಗಿ ಜೋಲು ಬೀಳುತ್ತೆ, ಮತ್ತೆ ಹಿಂದಕ್ಕೆ ಬರಲ್ಲ. ಮೆಷಿನ್ನಿಗೆ ಹಾಕಬಹುದು ಅಂತ ಬರುವ ಸೂಪರ್‌ವಾಷ್ ಉಣ್ಣೆ ಕೂಡ ನೀರು ಬಿದ್ದ ಮೇಲೆ ಹಿಗ್ಗುತ್ತೆ. ಹಾಗಾಗಿ ಒಗೆಯದ ತುಂಡಿನ ಲೆಕ್ಕ ಲೆಕ್ಕವೇ ಅಲ್ಲ.

ತೊಟ್ಟಿಲುದಾರ

ನಾನೂ ಕೇಳಬಹುದಾ? ತಂಗಿಗೆ ಈಗ ಏಳು ತಿಂಗಳು. ಹುಟ್ಟುವ ಮಗುವಿಗೆ ಒಂದು ಸ್ವೆಟರ್, ಒಂದು ಕುಲಾವಿ ಹಾಕಬೇಕು ಅಂತ ಆಸೆ. ಅಳೆಯಲು ಮಗುವೇ ಇಲ್ಲ. ಏನು ಮಾಡೋದು?

ನಾಲ್ಕುಸುತ್ತು

ಕೂಸು ಹುಟ್ಟೋ ಮುಂಚೆ ಕುಲಾವಿ ಅಂದ್ರೆ ಇದೇ ನೋಡಿ. ಗಾದೆಗೆ ಕೈಕಾಲು ಬಂತು.

ಉಲ್ಲನ್‌ಉಂಡೆ

ಹಾಕಿ ಹಾಕಿ, ಗಾದೆ ಇರಲಿ. ಸುಮಾರಾದ ಲೆಕ್ಕ ಇಟ್ಟುಕೊಳ್ಳಬಹುದು. ಹುಟ್ಟಿದಾಗ ಮಗು ಸುಮಾರು 50 ಸೆಂ.ಮೀ. ಉದ್ದ. ಒಂದು ವರ್ಷಕ್ಕೆ 75ರ ಹತ್ತಿರ. ತಲೆ ಹುಟ್ಟಿದಾಗ 34–35, ಒಂದು ವರ್ಷಕ್ಕೆ 45–46. ಆಮೇಲೆ ತಲೆ ನಿಧಾನ ಆಗುತ್ತೆ. 2 ವರ್ಷಕ್ಕೆ 47–48, 5 ವರ್ಷಕ್ಕೆ 50–51. ಮೊದಲ ವರ್ಷದಲ್ಲಿ 11 ಸೆಂ.ಮೀ., ಮುಂದಿನ ನಾಲ್ಕು ವರ್ಷ ಸೇರಿ ಐದು!

ಅದಕ್ಕೆ ಹೊಸ ಕೂಸಿನ ಸೈಜಿಗೆ ಏನೂ ಹಾಕಬೇಡಿ. ನೀವು ದಾರದ ತುದಿ ಮುಚ್ಚುವಷ್ಟರಲ್ಲಿ ಮಗು ಅದನ್ನು ದಾಟಿರುತ್ತೆ. 6 ತಿಂಗಳ ಅಳತೆ ಹಿಡಿಯಿರಿ. ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಪಟ್ಟಿಯಲ್ಲಿ 6 ತಿಂಗಳಿಗೆ ಎದೆ 43 ಸೆಂ.ಮೀ., 12 ತಿಂಗಳಿಗೆ 45.5, 24 ತಿಂಗಳಿಗೆ 50.5. ಅದರ ಮೇಲೆ ಸ್ವೆಟರಿಗೆ ಒಂದು 5 ಸೆಂ.ಮೀ. ಸಡಿಲ ಸೇರಿಸಿ. ಮಗು 6 ತಿಂಗಳಾದಾಗ ಚಳಿಯೋ ಸೆಕೆಯೋ ಅದನ್ನೂ ಬೆರಳು ಮಡಚಿ ಎಣಿಸಿ ನೋಡಿ. ಸುಡುಬೇಸಿಗೆಯಲ್ಲಿ ಉಣ್ಣೆ ಸ್ವೆಟರ್ ಸರಿಯಾಗಿ ಕೂತರೂ ಪ್ರಯೋಜನ ಇಲ್ಲ.

ಮುಂದೆ ಗುಂಡಿ ಇರುವ ಕಾರ್ಡಿಗನ್ ಮಾಡಿ. ಕತ್ತು ನಿಲ್ಲದ ಕೂಸಿಗೆ ತಲೆ ಮೇಲಿಂದ ಏನನ್ನೂ ತೊಡಿಸೋದು ಬೇಡ.

ಕೊಕ್ಕೆಕಡ್ಡಿ

ಕುಲಾವಿ ಲೆಕ್ಕ ನಾನು ಹೇಳ್ತೀನಿ, ನನಗೆ ಇಷ್ಟವಾದ ಲೆಕ್ಕ. ಟೋಪಿಗೆ ಸಡಿಲ ಕೊಡಬಾರದು, ತಲೆಗಿಂತ 2–3 ಸೆಂ.ಮೀ. ಕಮ್ಮಿ ಇರಬೇಕು. ಆಗಲೇ ಹಿಡಿದು ಕೂರೋದು. ತಲೆ 43 ಅಂದರೆ ಟೋಪಿ 40. ನೆತ್ತಿಯಿಂದ ಚಕ್ರ ಬೆಳೆಸ್ತೀರಲ್ಲ, ಆ ಚಕ್ರ ಎಷ್ಟು ಅಗಲ ಆದಾಗ ಸ್ಟಿಚ್ ಹೆಚ್ಚಿಸೋದು ನಿಲ್ಲಿಸಬೇಕು? 40ನ್ನು 3.14ರಿಂದ ಭಾಗಿಸಿ. 12.7 ಸೆಂ.ಮೀ. ಅಲ್ಲಿಗೆ ನಿಲ್ಲಿಸಿ, ಆಮೇಲೆ ಸುತ್ತು ನೇರ ಇಳಿಸಿ. ಚಕ್ರ ಒಂದು ಸೆಂ.ಮೀ. ಜಾಸ್ತಿ ಆದರೆ ಟೋಪಿ ಮೂರು ಸೆಂ.ಮೀ. ಜಾಸ್ತಿ ಆಗುತ್ತೆ, ಕಣ್ಣಿನ ಮೇಲೆ ಬಂದು ಕೂರುತ್ತೆ.

ತಲೆ ಇಲ್ಲದಿದ್ದರೆ ಬಲೂನು ಇದೆ. ದಾರ ಸುತ್ತಿ ಅಳೆಯುತ್ತಾ 43ಕ್ಕೆ ಊದಿ, ಗಂಟು ಹಾಕಿ, ಟೋಪಿ ತೊಡಿಸಿ ನೋಡಿ. ಒಂದು ಮೂತಿ ಬರೆದರೆ ಫೋಟೋಗೂ ಆಯ್ತು. ಮಲಗಿಸುವಾಗ ಮಾತ್ರ ಟೋಪಿ ತೆಗೆಯಲು ತಂಗಿಗೆ ಹೇಳಿ. ಜಾರಿ ಮುಖದ ಮೇಲೆ ಬರುತ್ತೆ, ಮೈ ಬಿಸಿಯೂ ಏರುತ್ತೆ.

ತೊಟ್ಟಿಲುದಾರ

ಬಲೂನು! ತುಂಬಾ ಥ್ಯಾಂಕ್ಸ್. ಜೊತೆಗೆ ಪುಟ್ಟ ಕಾಲುಚೀಲ?

ಎರಡೆಳೆ

ಹಾಕಿ, ಆದರೆ ಒಳಗಡೆ ಉದ್ದ ದಾರ ಬಿಡಬೇಡಿ, ತೂತು ತೂತಿನ ಡಿಸೈನ್ ಬೇಡ. ಕಾಲ್ಬೆರಳು ಸಿಕ್ಕಿಕೊಂಡು ಎಳೆ ಸುತ್ತಿಕೊಳ್ಳುತ್ತೆ. ಕೂಸು ಅಳುತ್ತೆ, ನಮಗೆ ಯಾಕೆ ಅಂತ ಗೊತ್ತಾಗಲ್ಲ.

ಬಿಚ್ಚೋಣಬಿಡಿ

ನನ್ನ ಮಗ ಅಳೆಯಲು ನಿಲ್ಲೋದೇ ಇಲ್ಲ. ಟೇಪ್ ಹಾವು ಅಂದುಕೊಂಡಿದ್ದಾನೆ. ನೀವೆಲ್ಲ ಏನು ಮಾಡ್ತೀರಿ?

ಎರಡೆಳೆ

ಮಗುವನ್ನೇ ಅಳೆಯಬೇಕು ಅಂತೇನಿಲ್ಲ. ಸರಿಯಾಗಿ ಕೂರುವ ಒಂದು ಬಟ್ಟೆ ತಗೊಂಡು ಮೇಜಿನ ಮೇಲೆ ಹರಡಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಬನಿಯನ್ ಥರದ ಹಿಗ್ಗುವ ಬಟ್ಟೆ ಬೇಡ, ಅದು ಮೈಗಿಂತ ಚಿಕ್ಕದಾಗಿಯೇ ಇರುತ್ತೆ. ಹಳೇ ಸ್ವೆಟರ್ ಇದ್ದರೆ ಅದೇ ವಾಸಿ. ಚಡ್ಡಿ, ಪ್ಯಾಂಟು ಹಾಕೋದಾದರೆ ಡೈಪರ್ ಕಟ್ಟಿದ ಮೇಲೆ ಅಳೆಯಬೇಕು. ಮುಂದಿನ ಸೊಂಟದಿಂದ ಕಾಲಸಂದಿಯಲ್ಲಿ ಹಾದು ಹಿಂದಿನ ಸೊಂಟದ ತನಕ. ಅದನ್ನು ಮರೆತರೆ ಕೂತಾಗೆಲ್ಲ ಹಿಂದುಗಡೆ ಕೆಳಗೆ ಜಾರುತ್ತೆ.

ಅರ್ಧಸ್ವೆಟರ್

ಈಗ ನನ್ನ ವಿಷಯಕ್ಕೆ ಬರ್ತೀನಿ. ಹೇಗೂ ಬಿಚ್ಚಬೇಕು. ಬಿಚ್ಚಿದ ಮೇಲೆ ಎರಡು ದಾರಿ ಕಾಣಿಸುತ್ತಿದೆ. 5ರ ಕಡ್ಡಿ ತಂದು ಮತ್ತೆ ಅದೇ 92. ಅಥವಾ ಇದೇ 4ರ ಕಡ್ಡಿಯಲ್ಲಿ ಸ್ಟಿಚ್ ಜಾಸ್ತಿ. ನನಗೆ ಈ ಗಟ್ಟಿ ನೇಯ್ಗೆ ಇಷ್ಟ. ಯಾವುದು ಸರಿ? ಮುಂದಿನ ವರ್ಷಕ್ಕೂ ಬರಲಿ ಅಂತಾನೂ ಆಸೆ.

ಉಲ್ಲನ್‌ಉಂಡೆ

ಎರಡನೆಯದೂ ಆಗುತ್ತೆ. ನಿಮಗೆ ಬೇಕಾದ್ದು 57 ಸೆಂ.ಮೀ. ನಿಮ್ಮ ಕೈಗೆ ಸೆಂ.ಮೀ.ಗೆ 1.9 ಸ್ಟಿಚ್. ಗುಣಿಸಿದರೆ 108. ನಿಮ್ಮ ಮಾದರಿಯಲ್ಲಿ 108 ಸ್ಟಿಚ್ ಯಾವ ವಯಸ್ಸಿಗೆ ಇದೆ ನೋಡಿ.

ಅರ್ಧಸ್ವೆಟರ್

6 ವರ್ಷ!!

ಉಲ್ಲನ್‌ಉಂಡೆ

ಹ್ಞಾ. ನಿಮ್ಮ ಕೈಯಲ್ಲಿ 6 ವರ್ಷದ ಸಂಖ್ಯೆ ಹಾಕಿದರೆ 2 ವರ್ಷದ ಮಗುವಿಗೆ ಆಗುತ್ತೆ. ಅಗಲಕ್ಕೆ ಮಾತ್ರ, ನೆನಪಿರಲಿ. ಉದ್ದ, ಕಂಕುಳ ಆಳ, ತೋಳು ಎಲ್ಲ 2 ವರ್ಷದ ಸೆಂ.ಮೀ. ನೋಡಿಯೇ ಹಾಕಬೇಕು, ಸಾಲು ಎಣಿಸಿ ಅಲ್ಲ. ರ‍್ಯಾಗ್ಲಾನಿನಲ್ಲಿ ಇದು ಸ್ವಲ್ಪ ತಂಟೆ. ಸ್ಟಿಚ್ ಹೆಚ್ಚಾದಂತೆ ಸಾಲೂ ಹೆಚ್ಚಾಗಿ ಕಂಕುಳು ಕೆಳಗೆ ಇಳಿದುಬಿಡಬಹುದು. ಅದಕ್ಕೆ ನನ್ನ ಮಾತು ಕೇಳಿದರೆ 5ರ ಕಡ್ಡಿಯೇ ಸುಲಭ.

ಮುಂದಿನ ವರ್ಷದ ವಿಷಯ. ಅದೇ ಕೌನ್ಸಿಲ್ಲಿನ ದೊಡ್ಡ ಮಕ್ಕಳ ಪಟ್ಟಿಯಲ್ಲಿ (ಮೇಲೆ ಹೇಳಿದ 24 ತಿಂಗಳಿನ 50.5 ಕೂಸುಗಳ ಪಟ್ಟಿಯದು) ಎದೆ 2 ವರ್ಷಕ್ಕೆ 53, 4ಕ್ಕೆ 58.5, 6ಕ್ಕೆ 63.5. ವರ್ಷಕ್ಕೆ ಎರಡೂವರೆ ಸೆಂ.ಮೀ. ಅಷ್ಟೇ. ಎತ್ತರ ಅದೇ ಹೊತ್ತಲ್ಲಿ ಆರೇಳು ಸೆಂ.ಮೀ. ಬೆಳೆಯುತ್ತೆ. ಅಗಲ ಜಾಸ್ತಿ ಇಟ್ಟರೆ ಭುಜ ಜಾರಿ ಕೈ ಮೇಲೆ ಬರುತ್ತೆ, ಈಗಲೂ ಚೆನ್ನಾಗಿರಲ್ಲ, ಆಮೇಲೂ ಇರಲ್ಲ. ಉದ್ದ ಇಡಿ. ತೋಳು 4 ಸೆಂ.ಮೀ. ಉದ್ದ ಹಾಕಿ ಮಡಚಿ. ಅದೇ ಉಲ್ಲನ್ ಒಂದು ಉಂಡೆ ಎತ್ತಿಡಿ. ಮೇಲಿಂದ ಕೆಳಗೆ ಹಾಕಿದ ಸ್ವೆಟರ್ ಅಲ್ವಾ, ಮುಂದಿನ ವರ್ಷ ಕೆಳ ಅಂಚು ಬಿಚ್ಚಿ ನಾಲ್ಕು ಸಾಲು ಸೇರಿಸಿದರೆ ಆಯ್ತು.

ಎಳೆಎಳೆ

ಮಾದರಿಯಲ್ಲಿ 86, 92, 98 ಅಂತ ಸೈಜು ಕಂಡರೆ ಎದೆ ಅಂದುಕೊಳ್ಳಬೇಡಿ. ಯುರೋಪಿನವರು ಮಗುವಿನ ಎತ್ತರದಿಂದ ಸೈಜು ಹೇಳ್ತಾರೆ, ಸೆಂ.ಮೀ.ನಲ್ಲಿ. ನನಗೆ ಆ ಪದ್ಧತಿಯೇ ಹೆಚ್ಚು ನಂಬಿಕೆ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ಲಲ್ಲಿ ಗೆರೆ ಎಳೆದರೆ ಸೈಜು ಸಿಕ್ಕಿತು.

ಅರ್ಧಸ್ವೆಟರ್

ಹನ್ನೆರಡು ದಿನ ಆಯ್ತು, ವರದಿ ಒಪ್ಪಿಸ್ತೀನಿ.

ಬಿಚ್ಚಿದೆ. ದಾರ ನೂಡಲ್ಸ್ ಥರ ಸುರುಳಿ ಸುರುಳಿ. ಲಡಿ ಮಾಡಿ ನೀರಲ್ಲಿ ನೆನೆಸಿ ಒಣಗಿಸಿದ ಮೇಲೆ ನೆಟ್ಟಗಾಯ್ತು. 5ರ ಕಡ್ಡಿ ತಂದೆ. ಸ್ಯಾಂಪಲ್ ಹಾಕಿದೆ, ಒಗೆದೆ, ಎಣಿಸಿದೆ. ಹದಿನಾರೂವರೆ. 92 ಸ್ಟಿಚ್ಚಿಗೆ 55.8 ಸೆಂ.ಮೀ. ಎದೆ 52, ಸುಮಾರು 4 ಸೆಂ.ಮೀ. ಸಡಿಲ. ಸಾಕು ಅಂತ ಮುಂದುವರಿದೆ. ನನ್ನದು ಕೈ ಬಿಗಿ ಅಂತ ಗೊತ್ತಾಯ್ತು. ದುಡ್ಡಿನ ವಿಷಯದಲ್ಲಿ ಅಲ್ಲ, ಉಲ್ಲನ್ ವಿಷಯದಲ್ಲಿ.

ಚೈನ್ 5.5ರಲ್ಲಿ ಹಾಕಿದೆ. ಬೆನ್ನಲ್ಲಿ 8 ಸೆಂ.ಮೀ. ಸೀಳು ಬಿಟ್ಟೆ. ಕಂಕುಳಿಗೆ ಬಂದ ಕೂಡಲೇ ಬಲೂನಿನ ಮೇಲೆ ಕತ್ತು ಹಾಯಿಸಿ ನೋಡಿದೆ, ಹೋಯ್ತು. ಆಮೇಲೆ ನಿಜವಾದ ತಲೆ. ನೀಲಿ ಕಂಡ ಕೂಡಲೇ ಅವಳು ಎರಡೂ ಕೈ ತಲೆ ಮೇಲೆ ಇಟ್ಟಳು. ಮೊದಲು ಬಲೂನಿಗೆ ತೊಡಿಸಿ ತೋರಿಸಿದೆ, ನಕ್ಕಳು. ಆಮೇಲೆ ತಾನೇ ತಲೆ ಕೊಟ್ಟಳು. ಎಲ್ಲೂ ತಡೆಯದೆ ಸರ‍್ರನೆ ಇಳಿಯಿತು.

ಮೈ ಮುಗಿದಿದೆ, ಒಂದು ತೋಳು ಮುಗಿದಿದೆ.

ಕೊಕ್ಕೆಕಡ್ಡಿ

ಭಲೇ! ಮೊದಲ ತೋಳಲ್ಲಿ ಎಷ್ಟು ಸುತ್ತು, ಎಲ್ಲೆಲ್ಲಿ ಸ್ಟಿಚ್ ಇಳಿಸಿದಿರಿ ಈಗಲೇ ಬರೆದಿಡಿ. ನಾಳೆ ನೆನಪಿರಲ್ಲ. ನನ್ನ ಮನೆಯಲ್ಲಿ ಒಂದು ತೋಳು ಉದ್ದ ಒಂದು ಗಿಡ್ಡ ಇರುವ ಸ್ವೆಟರ್ ಮೂರಿದೆ.

ನಾಲ್ಕುಸುತ್ತು

ಮತ್ತೆ ಇನ್ನೊಂದು ತೋಳು ಮುಗಿಯುವ ತನಕ ನಿಮ್ಮ ಹೆಸರು ಬದಲಿಸೋ ಹಾಗಿಲ್ಲ.